ಜಾನ್ವಿಯ ರೈಫಲ್ ವಿಷಯ

ರೀ,

ಜಾನ್ವಿಯನ್ನು ಮಿಶಿಗನ್‌ನ ಆನ್ ಆರ್ಬರ್‌ಗೆ, ಅವಳ ಕಾಲೇಜಿಗೆ ಬಿಟ್ಟು ಭಾನುವಾರ ಬರುತ್ತೇನೆ. ಹುಳಿ ಫ್ರಿಜ್‌ನಲ್ಲಿದೆ, ಅನ್ನ ನೀವೇ ಇಟ್ಟುಕೊಳ್ಳಿ.

ಅವಳ ಸ್ಪರ್ಧೆಯ ರೈಫಲ್ ನಮ್ಮ ಕಾರಿನಲ್ಲಿಲ್ಲ. ನಿನ್ನೆ ಒಬ್ಬಳೇ ಶೂಟಿಂಗ್ ಕ್ಲಬ್‌ನಿಂದ ತೆಗೆದುಕೊಂಡು, ಇಲ್ಲೇ ಎಲ್ಕ್ ಗ್ರೋವ್‌ನಲ್ಲಿ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೆ ಒಯ್ದು ಕೊಟ್ಟಳು. ಅವರು ಮಿಶಿಗನ್‌ನ ಅಂಥದೇ ಅಂಗಡಿಗೆ ಕಳಿಸುತ್ತಾರೆ. ಅಲ್ಲಿ ತನ್ನ ಹಿನ್ನೆಲೆಯ ತಪಾಸಣೆ ಮುಗಿಸಿ ಇವಳೇ ಬಿಡಿಸಿಕೊಳ್ಳುತ್ತಾಳೆ. ಫಾರಂಗಳನ್ನೆಲ್ಲ ತಾನೇ ತುಂಬಿದಳು, ಯಾರನ್ನೂ ಕೇಳಲಿಲ್ಲ.

ನೀವು "ನಾನೇ ಕಳಿಸಿ ಬರ್ತೀನಿ" ಅಂದಾಗ ಅವಳು "ಬೇಡ ಅಪ್ಪಾ, ನೀವು ಮುಟ್ಲೇಬೇಡಿ" ಅಂದಳು. ಕಾರಣ ಕೇಳದೆ ಎದ್ದು ಹೋದವರು ಮೂರು ದಿನದಿಂದ ಮಾತು ಬಿಟ್ಟಿದ್ದೀರಿ. ಕಾರಣ ನಾನು ಕೇಳಿದೆ.

"ಅಮ್ಮಾ, ನಾನು ಇಲ್ಲಿ ಹುಟ್ಟಿದೋಳು, ನಂಗೆ ಓಕೆ. ನೀವಿಬ್ರೂ ಇನ್ನೂ ವರ್ಕ್ ವೀಸಾದಲ್ಲಿದೀರ, ಆ ವೀಸಾದೋರು ಗನ್ ಇಟ್ಕೊಳ್ಳೋ ಹಾಗಿಲ್ಲ. ನನ್ನ ಗನ್ ನಿಮ್ಮ ಕೈಲಿದ್ರೆ ಗ್ರೀನ್ ಕಾರ್ಡ್‌ಗೇ ಪ್ರಾಬ್ಲಮ್. ಅದಕ್ಕೇ ನೀನಿರೋ ಕಾರಲ್ಲೂ ಇಟ್ಟಿಲ್ಲ. ರೂಲ್ಸ್ ಪೂರ್ತಿ ಓದಿದೀನಿ" ಅಂದಳು.

ಹದಿನೆಂಟು ವರ್ಷದಿಂದ ನಾವು ಕಾಯುತ್ತಿರುವ ಕಾರ್ಡನ್ನು ಈ ಹುಡುಗಿ ನಮಗಿಂತ ಜೋಪಾನವಾಗಿ ನೋಡಿಕೊಳ್ಳುತ್ತಿದ್ದಾಳೆ. ನನಗಂತೂ ಅಷ್ಟು ಬುದ್ಧಿ ಓಡಿರಲಿಲ್ಲ.

ಇವತ್ತು ಸಂಜೆ ಆರಕ್ಕೆ ಅಲ್ಲಿ ತಲುಪುತ್ತೇವೆ. ಫೋನ್ ನನಗೆ ಬೇಡ, ಅವಳಿಗೆ ಮಾಡಿ.

ಆಶಾ