ಹಿಜರಿ ಸಾವಿರದ ಇನ್ನೂರ ಅರವತ್ತು

ಇಂಡಿ,
ಭಾನುವಾರ, ೧೪ ಏಪ್ರಿಲ್ ೧೯೭೪

ಮಗಳು ಶಮ್ಶುನ್ನೀಸಾಳಿಗೆ ತಂದೆಯ ಸಲಾಮು.

ಕ್ಷೇಮಸಮಾಚಾರಕ್ಕಿಂತ ಮೊದಲು ಕ್ಷಮೆ ಕೇಳಬೇಕಾಗಿದೆ. ಕಳೆದ ನವೆಂಬರದಲ್ಲಿ ನಿನ್ನ ಗಂಡ ಜೈನುದ್ದೀನನಿಗೆ ಬರೆದ ಪತ್ರದಲ್ಲಿ, ಹಿಜರಿ ೧೨೬೦ನೆಯ ವರ್ಷವು ಕ್ರಿಸ್ತಶಕ ೧೮೮೨ಕ್ಕೆ ಸರಿಹೊಂದುವುದೆಂದು ಹೇಳಿದ್ದೆನು. ಅದು ತಪ್ಪು. ೧೮೪೪ ಎಂಬುದೇ ಸರಿ. ಜೈನುದ್ದೀನನ ಲೆಕ್ಕವು ಸರಿಯಾಗಿತ್ತು.

ನಾನು ೧೨೬೦ಕ್ಕೆ ೬೨೨ನ್ನು ಕೂಡಿಸಿ ಕೈ ತೊಳೆದುಕೊಂಡೆನು. ನಮ್ಮ ವರ್ಷ ಚಂದ್ರನದು. ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಚಿಕ್ಕದು. ವೈಶಾಖದ ಬಿಸಿಲಿನಲ್ಲಿಯೂ ಮಾಗಿಯ ಚಳಿಯಲ್ಲಿಯೂ ರಮಜಾನಿನ ಉಪವಾಸ ಹಿಡಿದವನು ನಾನು. ಆ ತಿಂಗಳು ಋತುಗಳನ್ನೆಲ್ಲ ಸುತ್ತಿ ಬರುವುದನ್ನು ಈ ದೇಹ ಎರಡು ಸಲ ಕಂಡಿದೆ. ಆದರೂ ಅಳಿಯನನ್ನು ಸೋಲಿಸುವ ಆತುರದಲ್ಲಿ ಅದು ನೆನಪಿಗೆ ಬರಲಿಲ್ಲ.

ನಮ್ಮಿಬ್ಬರ ವಾದವನ್ನು ನೀನು ಒಲೆಯ ಬಳಿಯಿಂದ ಕೇಳಿದ್ದೀ, ಪೂರ್ತಿ ಕೇಳಿರಲಾರೆ. ಯಹೂದಿಗಳ ತೌರಾತಿನಲ್ಲಿ ಮೂಸಾರಂಥ ಇನ್ನೊಬ್ಬ ಪ್ರವಾದಿಯ ಮಾತಿದೆ. ಕ್ರೈಸ್ತರ ಇಂಜೀಲಿನಲ್ಲಿ ಈಸಾ ತಮ್ಮ ಅನಂತರ ಬರುವ ಸಹಾಯಕನ ಮಾತನ್ನಾಡಿದ್ದಾರೆ. ಇವೆರಡೂ ನಮ್ಮ ಪೈಗಂಬರರನ್ನು ಕುರಿತವೆಂದು ನಮ್ಮ ಹಿರಿಯರು ಅರ್ಥಮಾಡಿದ್ದಾರೆ. ಅವರೊಂದಿಗೆ ಪ್ರವಾದಿಗಳ ಸಾಲು ಮುಗಿಯಿತು, ಉಳಿದುದು ಲೋಕದ ಕೊನೆಯ ದಿನವಾದ ಕಯಾಮತ್ತು. ಜೈನುದ್ದೀನನು ಹೋಗಿ ಸೇರಿದ ಬಹಾಯಿಗಳು ಆ ಸಾಲು ಮುಗಿದಿಲ್ಲವೆನ್ನುತ್ತಾರೆ. ಕ್ರೈಸ್ತರ ಗ್ರಂಥದ ಸಾವಿರದ ಇನ್ನೂರ ಅರವತ್ತು ದಿನಗಳೆಂದರೆ ಅಷ್ಟೇ ವರ್ಷಗಳಂತೆ. ಅವು ಹಿಜರಿ ೧೨೬೦ರಲ್ಲಿ ತುಂಬಿದವಂತೆ. ಅದೇ ವರ್ಷ, ಎಂದರೆ ಕ್ರಿಸ್ತಶಕ ೧೮೪೪ರಲ್ಲಿ, ಇರಾನಿನ ಶೀರಾಜಿನಲ್ಲಿ ಬಾಬ್ ಎಂಬವರು ತಮ್ಮನ್ನು ಪ್ರಕಟಿಸಿಕೊಂಡರಂತೆ. ಹೆಣಗಳು ಮಣ್ಣಿನಿಂದ ಏಳುವ ದಿನವನ್ನು ಅವರು ಕಾಯುವುದಿಲ್ಲ. ಹೊಸ ಪ್ರವಾದಿ ಬಂದ ದಿನವೇ ಅವರಿಗೆ ಕಯಾಮತ್ತು.

ಇದಕ್ಕೆ ನಾನು ನಕ್ಕಾಗ ಜೈನುದ್ದೀನನು ಕೇಳಿದ ಪ್ರಶ್ನೆ ಇನ್ನೂ ನನ್ನನ್ನು ಬಿಟ್ಟಿಲ್ಲ. "ಮಾವನವರ, ಅವರ ಪುಸ್ತಕದಾಗ ನಮ್ಮ ಪೈಗಂಬರರನ್ನ ಹುಡಕುವಾಗ ಅಕ್ಷರ ಬಿಟ್ಟು ಒಳಗಿನ ಅರ್ಥ ಹಿಡೀತೀರಿ. ನಾ ಮುಂದಿನವರನ್ನ ಹುಡಕಿದ್ರ ಅಕ್ಷರ ಬಿಡಬ್ಯಾಡ ಅಂತೀರಿ. ಇದ್ಯಾವ ನ್ಯಾಯರಿ?"

ಅವನ ಪ್ರಶ್ನೆಯನ್ನು ಬಿಟ್ಟು ಅವನ ಅಂಕಿಯನ್ನು ಹಿಡಿದೆನು. ಆಲಮಟ್ಟಿಯ ಆಣೆಕಟ್ಟಿನ ಕಚೇರಿಯಲ್ಲಿ ಕೂಡು-ಕಳೆಗಾಗಿ ಸಂಬಳ ಪಡೆಯುವವನಿಗೆ ಮೂರನೆಯ ಇಯತ್ತೆಯ ಲೆಕ್ಕ ಬಾರದೆಂದು ಬರೆದೆನು. ಆ ಪತ್ರವನ್ನು ಜೈನುದ್ದೀನನ ಅಣ್ಣನಾದ ನಿನ್ನ ಭಾವನು ಎತ್ತಿಕೊಂಡು ಹೋಗಿ ನಿಮ್ಮೂರು ಮುದ್ದೇಬಿಹಾಳದ ಮಸೀದಿಯಲ್ಲಿ ನಮಾಜಿನ ಅನಂತರ ನಿಂತು ಓದಿದನು. ಸಾಲೋಟಗಿಯ ಸಾಲಿಯಲ್ಲಿ ಕಲಿಸಿದ ಫಕೀರಸಾಬ ಮಾಸ್ತರರು, ಎಂದರೆ ನಾನು, ಬರೆದುದೆಂದ ಮೇಲೆ ಅಂಕಿಯನ್ನು ಯಾರು ಪರೀಕ್ಷಿಸಿಯಾರು? ಸಾಲಿಯ ಪರೀಕ್ಷೆಯಲ್ಲಿ ನಪಾಸಾದವನು ಕಯಾಮತ್ತಿನ ದಿನ ಎಣಿಸಲು ಹೊರಟಿದ್ದಾನೆಂದು ಹಿಂದಿನ ಸಾಲಿನಿಂದ ಯಾರೋ ಅಂದರಂತೆ, ಎಲ್ಲರೂ ನಕ್ಕರಂತೆ. ಜೈನುದ್ದೀನನು ಅಲ್ಲಿಯೇ ಇದ್ದನು. ಒಂದೇ ಮಾತಿನಲ್ಲಿ ನನ್ನ ತಪ್ಪನ್ನು ಎತ್ತಿ ತೋರಿಸಬಹುದಾಗಿತ್ತು. ಹೆಣ್ಣು ಕೊಟ್ಟ ಮಾವನನ್ನು ನಾಲ್ಕು ಜನರ ಮುಂದೆ ತಿದ್ದುವ ಪದ್ಧತಿ ನಮ್ಮಲ್ಲಿಲ್ಲ. ಅವನು ತಲೆ ತಗ್ಗಿಸಿ ಕುಳಿತನು. ಆ ಮೌನವನ್ನು ಜಮಾತಿನವರು ಸೋಲೆಂದು ಬಗೆದರು. ಸೋತ ಮೇಲೂ ಬಿಡದವನು ಹಟಮಾರಿಯೆಂದು ತೀರ್ಮಾನಿಸಿ ನಿಮ್ಮ ಮನೆಯ ನೀರು-ಬೆಂಕಿ ನಿಲ್ಲಿಸಿದರು.

ಕಾಮಾಲೆಯಿಂದ ಅವನು ತೀರಿಕೊಂಡಾಗ ಮೈ ತೊಳೆಯಲು ಯಾರೂ ಬರಲಿಲ್ಲ, ನೀನೊಬ್ಬಳೇ ತೊಳೆದೆ. ಕಬರಸ್ತಾನದ ಬಾಗಿಲು ತೆರೆಯಲಿಲ್ಲ. ಇಂಡಿಗೆ ತನ್ನಿರೆಂದು ನಾನು ಹೇಳಿಕಳುಹಿಸಿದೆನು. ಸತ್ತ ಊರಿನಿಂದ ಒಂದು ತಾಸಿನ ದಾರಿಗಿಂತ ಆಚೆಗೆ ದೇಹವನ್ನು ಒಯ್ಯಬಾರದೆಂಬುದು ಅವರ ಧರ್ಮದ ಕಟ್ಟಳೆಯೆಂದು ನೀನು ಒಪ್ಪಲಿಲ್ಲ. ಕೊನೆಗೆ ಶಂಕರೆಪ್ಪನೆಂಬ ರೈತನು ತನ್ನ ಹೊಲದ ಬದುವಿನಲ್ಲಿ ಜಾಗ ಕೊಟ್ಟನು. ನಾನು ಬರಲಿಲ್ಲ. ಮೊಣಕಾಲು ನೋವೆಂದು ತಿಳಿಸಿದ್ದೆನು.

ಬಾವಿಯ ಬಳಿ ನಿಮ್ಮೂರಿನ ಲಾಲಬಿ ಆಡಿದ ಮಾತನ್ನು ನಿನ್ನ ಪತ್ರದಲ್ಲಿ ನೀನು ಇದ್ದಂತೆಯೇ ಬರೆದಿದ್ದೀ: "ನಿನ್ನ ಗಂಡಗ ಅಂಕಿ ತಿಳೀಲಿಲ್ಲ, ಅಲ್ಲಾ ತಿಳಿದಾನೇನ?" ಮೊಮ್ಮಗಳು ಸುಲ್ತಾನಬಿ ಅದನ್ನು ಕೇಳಿ ತನ್ನ ತಂದೆ ದಡ್ಡನಿದ್ದನೇ ಎಂದು ನಿನ್ನನ್ನು ಕೇಳಿದಳೆಂದೂ ಬರೆದಿದ್ದೀ. ಅದೇ ಮಸೀದಿಯಲ್ಲಿ ನಿಂತು ಅವನ ಲೆಕ್ಕ ಸರಿಯಿತ್ತೆಂದು ನಾನು ಹೇಳಬೇಕು, ಬೇರೇನೂ ಬೇಡವೆಂದಿದ್ದೀ.

ಅವನ ಧರ್ಮವನ್ನು ನಾನು ಇಂದಿಗೂ ಒಪ್ಪಿಲ್ಲ. ಅಂಕಿ ಸರಿಯಾದ ಮಾತ್ರಕ್ಕೆ ಅರ್ಥ ಸರಿಯಾಗುವುದಿಲ್ಲ. ಆದರೆ ಆ ಜನರು ನಕ್ಕದ್ದು ಅವನ ಅರ್ಥಕ್ಕಲ್ಲ, ನನ್ನ ಅಂಕಿಯನ್ನು ನಂಬಿ. ಅಲ್ಲಿ ನಿಂತು ಮಾತನಾಡುವ ಧೈರ್ಯ ನನಗಿಲ್ಲ, ಆದುದರಿಂದ ಬರೆಯುತ್ತಿದ್ದೇನೆ. ಈ ಪತ್ರವನ್ನು ನಿನ್ನ ಭಾವನಿಗೆ ಕೊಡು. ಅದೇ ಜಾಗದಲ್ಲಿ, ಶುಕ್ರವಾರವೇ ಓದಲಿ. ಅಡಿಯಲ್ಲಿರುವುದನ್ನೂ ಬಿಡಬಾರದು. ಅದನ್ನು ಕೇಳಿದ ಮೇಲೆ ಇಂಡಿಯ ಜಮಾತು ನನ್ನನ್ನು ಏನು ಮಾಡಿದರೂ ನೀನು ಚಿಂತಿಸಬೇಡ. ನನ್ನನ್ನು ತಂದೆಯೆನ್ನಬೇಕೋ ಬೇಡವೋ ಎಂಬುದನ್ನೂ ಓದಿಯೇ ನಿಶ್ಚಯಿಸು.

ಇಂತು,
ಫಕೀರಸಾಬ, ನಿವೃತ್ತ ಮುಖ್ಯಾಧ್ಯಾಪಕ

ಪುನಶ್ಚ: ತಿದ್ದಿದ ತಾರೀಖುಗಳು.

೧. ಹಿಜರಿ ೧೨೬೦: ೧೮೮೨ ಅಲ್ಲ, ೧೮೪೪.

೨. ಮಸೀದಿಯಲ್ಲಿ ಪತ್ರ ಓದಿದ ದಿನ: ನೀನು ಬರೆದಂತೆ ೯ ನವೆಂಬರ ಅಲ್ಲ, ಶುಕ್ರವಾರ, ೧೬ ನವೆಂಬರ ೧೯೭೩. ನಿನ್ನ ಭಾವನೇ ಸಂತೋಷದಿಂದ ನನಗೆ ತಿಳಿಸಿದ್ದನು.

೩. ಭಾನುವಾರ, ೩ ಫೆಬ್ರವರಿ ೧೯೭೪: ಜೈನುದ್ದೀನನು ವಿಜಾಪುರದ ದವಾಖಾನೆಗೆ ಹೋದ ದಿನವೆಂದು ನೀನು ತಿಳಿದಿದ್ದೀ. ಅವನು ಇಂಡಿಗೆ ಬಂದಿದ್ದನು. ಕಣ್ಣುಗಳು ಆಗಲೇ ಹಳದಿಯಾಗಿದ್ದವು. ಬಾಗಿಲಲ್ಲಿ ನಿಂತೇ ಚಂದ್ರವರ್ಷದ ಲೆಕ್ಕ ತೋರಿಸಿ, "ನನ್ನ ಧರ್ಮ ಒಪ್ಪಬ್ಯಾಡ್ರಿ. ಲೆಕ್ಕಷ್ಟ ತಿದ್ದಿ ಎರಡ ಸಾಲ ಬರೀರಿ, ಹುಡಿಗಿಗೆ ನೀರ ಸಿಗತೈತಿ" ಎಂದನು. ಅವನು ಹೇಳಿದ್ದು ಸರಿಯೆಂದು ನನಗೆ ಆಗಲೇ ತಿಳಿಯಿತು. ನೋಡೋಣವೆಂದು ಕಳುಹಿಸಿದೆನು.

೪. ಅವನು ತೀರಿಕೊಂಡದ್ದು: ಗುರುವಾರ, ೧೪ ಮಾರ್ಚ್ ೧೯೭೪. ಇದರಲ್ಲಿ ತಿದ್ದುವುದೇನೂ ಇಲ್ಲ.