ಮುಂಬಾಗಿಲಲ್ಲಿ ಚೌಡಮ್ಮನವರ ಕಾಲು

ಜಯನಗರ, ೧೯೬೩

ಅಮ್ಮಾ,

ಇದನ್ನು ಯಾವ ಪೋಸ್ಟ್‌ಮ್ಯಾನೂ ನಿನಗೆ ತಲುಪಿಸಲಾರ. ಆದರೂ ಇವತ್ತು ಸೋದರತ್ತೆಯ ಮನೆಯಲ್ಲಿ ನಡೆದದ್ದನ್ನು ನಿನಗೇ ಹೇಳಬೇಕು.

ಮೆಡಿಕಲ್ ಮೊದಲ ವರ್ಷದವಳಿಗೆ ಬರುವುದೇ ಅಷ್ಟಿಷ್ಟು. ಆದರೆ ಆನೆಕಾಲು ರೋಗದವರ ಕಾಲನ್ನು ಸೋಪು ಹಚ್ಚಿ ತೊಳೆದು, ಬೆರಳಸಂದಿ ಒರೆಸಿ, ಪಾದದಿಂದ ಮೇಲಕ್ಕೆ ಪಟ್ಟಿ ಸುತ್ತುವುದನ್ನು ನಮ್ಮ ಆಸ್ಪತ್ರೆಯ ನರ್ಸ್ ಕಲಿಸಿದ್ದಾರೆ. ಪ್ರತಿ ಭಾನುವಾರ ಅತ್ತೆಯ ಜಗಲಿಯಲ್ಲಿ, ಬಂದವರಿಗೆ ಅದನ್ನೇ ಮಾಡುತ್ತೇನೆ.

ಇವತ್ತು ಪಟ್ಟಿ ಕಟ್ಟಿಸಿಕೊಳ್ಳಲು ಬೇಗೂರಿನಿಂದ ಚೌಡಮ್ಮ ಬಂದಿದ್ದರು. ನಾನು ಚೊಂಬು ಹಿಡಿದು ಕೂತಿದ್ದೆನಷ್ಟೆ, ಅತ್ತೆ ಓಡಿಬಂದರು.

"ನಿನ್ನ ನೋಡೋಕೆ ಗಂಡಿನ ಕಡೆಯೋರು ಬರೋ ಹೊತ್ತು ಕಣೇ! ಇವರನ್ನ ಹಿತ್ತಲಿಗೆ ಕರ್ಕೊಂಡ್ ಹೋಗು."

ಚೌಡಮ್ಮ ಆಗಲೇ ಸೀರೆ ಇಳಿಸಿಕೊಂಡು ಎದ್ದಿದ್ದರು. "ವೊಯ್ತೀನಿ ಬುಡವ್ವ. ನಂಗೇನ್ ವೊಸದಾ?"

ನಾನು ಚೊಂಬು ಕೆಳಗಿಡಲಿಲ್ಲ. "ನೋ ಅತ್ತೆ. ಮನೆಗೆ ಬಂದೋರಿಗೆ ಕಾಲಿಗೆ ನೀರು ಕೊಡೋದು ಮುಂಬಾಗಿಲಲ್ಲೇ ತಾನೆ? ಕೂತ್ಕೊಳ್ಳಿ, ಚೌಡಮ್ಮನೋರೇ."

"ನಿನ್ನ ಹಾಸ್ಟೆಲಿಗೆ ಹಾಕಿದ್ದೇ ತಪ್ಪಾಯ್ತು!" ಎಂದರು ಅತ್ತೆ.

ಆ ನೀರಿಗೆ ಸೀರೆ ಎತ್ತಿ ಕಾಲು ತೋರಿಸಬೇಕಾಗುತ್ತದೆಂದೇ ನೀನು ಯಾರ ಮನೆಗೂ ಹೋಗುತ್ತಿರಲಿಲ್ಲವಂತೆ. ನನ್ನ ಸ್ಕೂಲ್ ಡೇಗಳಿಗೆಲ್ಲ ಅಪ್ಪ ಒಬ್ಬರೇ ಬರುತ್ತಿದ್ದರು. ನಾನು ಯಾಕೆಂದು ಕೇಳಿರಲೇ ಇಲ್ಲ.

ಅರ್ಧ ಪಟ್ಟಿ ಸುತ್ತುವಷ್ಟರಲ್ಲಿ ಗಂಡಿನ ಕಡೆಯವರು ಬಂದರು. ಹುಡುಗನ ತಾಯಿ ಮೆಟ್ಟಿಲಲ್ಲೇ ನಿಂತು, "ಇವರು ನಿಮಗೇನಾಗ್ಬೇಕು?" ಎಂದರು.

ಅತ್ತೆ ನನ್ನ ಭುಜ ಚಿವುಟಿದರು.

"ಏನೂ ಆಗ್ಬೇಕಿಲ್ಲ. ನಮ್ಮಮ್ಮಂಗೂ ಇದೇ ಕಾಲಿತ್ತು," ಎಂದೆ. ಬೀದಿಗೆಲ್ಲ ಕೇಳುವಂತೆ ಹೇಳಿದೆ.

ಅವರು ಕಾಫಿಯನ್ನೂ ಮುಟ್ಟದೆ ಹೊರಟುಹೋದರು. ಅತ್ತೆ ಅಳುತ್ತ ಒಳಗೆ ಹೋದರು. ನಾನು ಉಳಿದರ್ಧ ಪಟ್ಟಿಯನ್ನು ಮಂಡಿಯವರೆಗೂ ಸುತ್ತಿ ಮುಗಿಸಿದೆ.

ನಿನ್ನ
ವತ್ಸಲಾ