ಯಲವಿಗಿಗೆ ಹೋದ ಎಂಟು ಬುಟ್ಟಿ

ಸವಣೂರು,
ತಾ. ೧೪ ಮಾರ್ಚ್ ೧೯೩೮

ಪ್ರೀತಿಯ ತಮ್ಮ ಚನ್ನವೀರಪ್ಪನಿಗೆ, ನಿನ್ನ ಅಕ್ಕ ಮಹಾದೇವಕ್ಕ ತಲೆ ಸವರಿ ಹೇಳುವ ಆಶೀರ್ವಾದಗಳು.

ನಿನ್ನ ಕೆಮ್ಮು ಈಗ ಹೇಗಿದೆ? ಗಿರಣಿಯ ಕಚೇರಿಯಲ್ಲಿ ಕಿಟಕಿಯ ಪಕ್ಕ ಕೂಡ್ರಬೇಡ, ಹತ್ತಿಯ ಧೂಳು ಅಲ್ಲಿಂದಲೇ ಒಳಗೆ ಬರುತ್ತದೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆ. ಅದಕ್ಕೆ ನೀನು ಉತ್ತರ ಕೊಟ್ಟಿಲ್ಲ. ಅಂದರೆ ಅಲ್ಲಿಯೇ ಕೂಡ್ರುತ್ತೀ ಎಂದು ತಿಳಿದುಕೊಂಡಿದ್ದೇನೆ. ಹಂಸಭಾವಿಯ ಚಿಗವ್ವ ಬಂದಿದ್ದಳು. ನಿನಗೆಂದು ಅಗಸಿ ಹಿಂಡಿ ಕುಟ್ಟಿ, ಡಬ್ಬಿಯ ಬಾಯಿಗೆ ಅರಿವೆ ಕಟ್ಟಿ ಇಟ್ಟು ಹೋಗಿದ್ದಾಳೆ. ವೀಳ್ಯದೆಲೆಯ ಬುಟ್ಟಿಯ ಜೊತೆಗೇ ಕಳಿಸಬೇಕೆಂದಿದ್ದೆ. ಇನ್ನು ನಮ್ಮ ಬುಟ್ಟಿ ಮುಂಬಯಿಗೆ ಬರುವುದೋ ಇಲ್ಲವೋ ಎಂಬುದೇ ತಿಳಿಯದಾಗಿದೆ.

ನಿನ್ನ ಕಾರ್ಡು ಶುಕ್ರವಾರ ಬಂತು. ಈ ಮನೆಗೆ ಬಂದ ಕಾಗದ ಓದುವ ಕೆಲಸ ನನ್ನದೇ ಎಂಬುದು ನಿನಗೆ ಗೊತ್ತು. ನಿನ್ನ ಬೆನ್ನಿಗೆ ಹುಟ್ಟಿದ ನಮ್ಮ ಉಳಿವೆಪ್ಪ ಶಾಲೆಯ ಮೂರನೆಯ ಇಯತ್ತೆಯಿಂದ ತೋಟಕ್ಕೆ ಓಡಿಬಂದವ. ಅವನ ಗೆಳೆಯ ಹಯಾತನಿಗೆ ಉರ್ದು ಬಿಟ್ಟರೆ ಬೇರೆ ಅಕ್ಷರ ಹತ್ತಲಿಲ್ಲ. ಇಬ್ಬರೂ ಕಟ್ಟೆಯ ಮೇಲೆ ಕುಳಿತು, ಓದಕ್ಕಾ ಓದು ಎಂದು ಅವಸರ ಮಾಡಿದರು. ಎಲೆಯೆಲ್ಲ ಕಪ್ಪಾಗಿ ಲೋಳೆಯಾಗಿತ್ತು, ಮುಚ್ಚಳ ತೆಗೆದ ಕೂಡಲೇ ಎಲೆ ಕೊಳ್ಳುವ ಸೇಠ ಧೋತರದ ಚುಂಗನ್ನು ಮೂಗಿಗೆ ಹಿಡಿದ ಎಂದು ನೀನು ಬರೆದ ಸಾಲಿಗೆ ಬಂದಾಗ ಅದನ್ನೇ ಮತ್ತೊಮ್ಮೆ ಓದಿದೆ. ಹಯಾತ ಮೆಲ್ಲಗೆ, "ಎಂಟರಾಗ ಎಷ್ಟ ಕೆಟ್ಟಾವಂತ, ಅಕ್ಕಾ?" ಎಂದು ಕೇಳಿದ. ಎಂಟೂ ಎಂದೆ. ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ಕುಳಿತ. ಕಾರ್ಡಿನ ಕೊನೆಗೆ ನೀನು, ಬುಟ್ಟಿ ಕಟ್ಟಲು ಕಲಿಸಿದ ಆ ಮುದುಕ ಯಾರು, ಅವನಿಗೇನು ಲಾಭ ಎಂದು ಕೇಳಿದ್ದೀ. ಚನ್ನವೀರಾ, ಆ ಪ್ರಶ್ನೆ ನಾಲ್ಕು ತಿಂಗಳಿನಿಂದ ನನ್ನ ಹೊಟ್ಟೆಯಲ್ಲಿಯೇ ಇದೆ. ಅದಕ್ಕೇ ಇವತ್ತು ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ.

ನಮ್ಮ ಊರಿನ ಎಲೆಯೆಲ್ಲ ದಲಾಲರ ಕೈಯಿಂದಲೇ ಮುಂಬಯಿಗೆ ಹೋಗುತ್ತದೆ. ಬೆಳೆದವನ ಹೆಸರು ಊರಿನ ನಾಕಾ ದಾಟುವುದಿಲ್ಲ. ಇವರಿಬ್ಬರಿಗೂ ಅದೇ ಹಟ ಹಿಡಿಯಿತು. ನಮ್ಮ ತೋಟದ್ದೂ ಹಯಾತನ ತೋಟದ್ದೂ ಸೇರಿಸಿ ತಾವೇ ಕಟ್ಟಬೇಕು, ತಾವೇ ಯಲವಿಗಿ ಸ್ಟೇಶನ್ನಿಗೆ ಒಯ್ಯಬೇಕು, ತಮ್ಮದೇ ಗುರುತು ಹಾಕಿ ಕಳಿಸಬೇಕು. ಹಯಾತ ಕೆಮ್ಮಣ್ಣು ಕಲಸಿ ಬುಟ್ಟಿಗಳ ಮೇಲೆ ಒಂದೊಂದು ಎಲೆ ಬರೆದ, ಅದರ ಬದಿಗೆ ಎರಡು ಚುಕ್ಕೆ ಇಟ್ಟ. ಒಂದು ಚುಕ್ಕೆ ತಾನು, ಇನ್ನೊಂದು ಉಳಿವೆಪ್ಪ. ಮೇಲಿನ ಚುಕ್ಕೆ ಯಾರು, ಕೆಳಗಿನದು ಯಾರು ಎಂದು ಒಂದು ಇಡೀ ದಿನ ಜಗಳವಾಡಿದರು. ನನಗೆ ನಗುವೂ ಬಂತು, ಸಂತೋಷವೂ ಆಯಿತು. ಅತ್ತ ಸೇಠನನ್ನು ಒಪ್ಪಿಸಿದವನು ನೀನು. ಮೊದಲ ಎಂಟು ಬುಟ್ಟಿ ಚೆನ್ನಾಗಿ ಬಂದರೆ ವಾರವಾರವೂ ಇವರ ಎಲೆಯೇ, ಕೆಟ್ಟು ಬಂದರೆ ಮತ್ತೆ ಮುಖ ತೋರಿಸಬಾರದು ಎಂದಿದ್ದನಲ್ಲ. ಹುಡುಗರಿಗೆ ಎಲೆ ಬೆಳೆಯುವುದು ಗೊತ್ತು, ಕೊಯ್ಯುವುದು ಗೊತ್ತು. ಎರಡು ದಿನದ ರೈಲಿಗೆ ತಾಳುವಂತೆ ಕಟ್ಟುವುದು ಗೊತ್ತಿರಲಿಲ್ಲ. ಆ ವಿದ್ಯೆಯನ್ನು ದಲಾಲರು ಯಾರಿಗೂ ತೋರಿಸುವುದಿಲ್ಲ. ಆಗ ಬಂದವರು ಉಸ್ಮಾನಸಾಬರು.

ನಿನಗೆ ನೆನಪಿರಬೇಕು, ಪೇಟೆಯ ಮೂಲೆಯಲ್ಲಿ ಹುಣಸೆ ಮರದ ಹಿಂದೆ ಎಲೆ ಕೂಡಿಡುವ ವಖಾರಿ ಅವರದು. ನಲವತ್ತು ವರ್ಷ ಎಲೆ ಕಳಿಸಿದವರು, ಈಗ ವ್ಯಾಪಾರ ಬಿಟ್ಟಿದ್ದಾರೆ. ಕರೆಯದೇ ಬಂದರು. ಅದೇ ನನಗೆ ಮೊದಲು ಸೇರಲಿಲ್ಲ. "ಹಿಂಗ ಕಟ್ಟಿದ್ರ ಮಿರಜ ಮುಟ್ಟೂದ್ರಾಗ ಕೊಳತ ಹೋಕ್ಕಾವ, ಬೇಟಾ" ಎಂದು ಅಂಗಳದಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು, ಹುಡುಗರು ಬೆಳಗಿನಿಂದ ಕಟ್ಟಿದ್ದನ್ನೆಲ್ಲ ಬಿಚ್ಚಿಹಾಕಿದರು. ಮರುದಿನ ವಖಾರಿಯ ಕೀಲಿಯನ್ನೇ ತಂದುಕೊಟ್ಟರು. ಹಾನಗಲ್ಲಿನ ಮೇದಾರರಿಗೆ ಹೇಳಿಕಳಿಸಿ ಗಾಳಿಯಾಡುವ ಬುಟ್ಟಿ ಹೆಣೆಸಿದರು. ಯಲವಿಗಿಗೆ ಚಕ್ಕಡಿಯಲ್ಲಿ ಜೊತೆಗೆ ಹೋಗಿ ಪಾರ್ಸಲ್ ಬಾಬುವಿನ ಪರಿಚಯ ಮಾಡಿಸಿದರು. ಇಷ್ಟೆಲ್ಲ ಮಾಡಿ ಅವರು ತೆಗೆದುಕೊಂಡದ್ದೇನು? ಪಾಲು ಬೇಡ, ಹೆಸರು ಬೇಡ, ಒಂದು ಬಟ್ಟಲು ಚಹಾ ಕೂಡ ಬೇಡ. ನಮ್ಮ ಹೊಲಕ್ಕೆ ಒಂದು ದಿನ ಮುಯ್ಯಾಳು ಬಂದವರ ಹೊಲಕ್ಕೆ ನಾವೂ ಒಂದು ದಿನ ಹೋಗಿ ದುಡಿದು ಬರುತ್ತೇವೆ, ಆಗ ಮನಸ್ಸು ಹಗುರಾಗುತ್ತದೆ. ಮುಯ್ಯಿ ತೀರಿಸಲು ಬಿಡದವರ ಎದುರು ಹೇಗೆ ನಿಲ್ಲುವುದು? ಉಣ್ಣಲು ಕರೆದಾಗಲೆಲ್ಲ "ಇನ್ನೊಮ್ಮೆ, ತಂಗಿ" ಎನ್ನುತ್ತಿದ್ದರು. ಆ ಇನ್ನೊಮ್ಮೆ ಯಾವತ್ತು ಬರುತ್ತದೆ, ಏನನ್ನು ಕೇಳುತ್ತ ಬರುತ್ತದೆ ಎಂದು ನಾನು ಕಾಯುತ್ತಲೇ ಇದ್ದೆ.

ಒಮ್ಮೆ ನೇರವಾಗಿ ಕೇಳಿಯೂ ಬಿಟ್ಟೆ. ಕಾಕಾ, ನೀವು ಯಾಕ ಇಷ್ಟ ಮಾಡಾಕತ್ತೀರಿ ಎಂದೆ. ಅವರು ತಮ್ಮ ಎರಡೂ ಕೈ ಚಾಚಿ ತೋರಿಸಿದರು, ಬೆರಳು ನಡುಗುತ್ತಿದ್ದವು. "ನನ್ನ ಕೈಯಾಗ ಈಗ ಗಂಟ ನಿಲ್ಲವಲ್ದು, ತಂಗಿ. ಈ ಕಸಬ ನನ್ನ ಜೋಡೀನ ಮಣ್ಣಿಗೆ ಹೋಗಬಾರದಲ್ಲ" ಎಂದರು. ಮಾತು ಚೆಂದವಿತ್ತು. ಆದರೆ ಚೆಂದದ ಮಾತನ್ನು ನಾನು ಎರಡು ಸಲ ತಿರುವಿ ನೋಡುವವಳು. ಹಾನಗಲ್ಲಿನಲ್ಲಿ ನಮ್ಮ ಮನೆಯವರು, ನಿಮ್ಮ ಮಾವ ಮಾಸ್ತರರು, ತೀರಿಕೊಂಡಾಗ ಮನೆಗೆ ಬಂದು ಚೆಂದ ಮಾತಾಡಿದವರೇ ಆರು ತಿಂಗಳೊಳಗೆ ನಮ್ಮ ಹೊಲದ ಬದು ಒತ್ತಿದ್ದನ್ನು ನೋಡಿ ತವರಿಗೆ ಬಂದವಳು ನಾನು.

ಇದು ನನ್ನೊಬ್ಬಳ ಸಂಶಯವೂ ಆಗಿರಲಿಲ್ಲ. ಹಯಾತನ ತಾಯಿ ಜನ್ನತಬಿ ಒಂದು ಮಧ್ಯಾಹ್ನ ಹಿತ್ತಿಲ ಬಾಗಿಲಿನಿಂದ ಬಂದು, "ಸ್ವಂತ ಅಳಿಯಗ ಗಂಟ ತೋರಸ್ಲಿಲ್ಲ ಈ ಮುದುಕಾ. ಅಳಿಯ ಸಿಟ್ಟಾಗಿ ಶಿಗ್ಗಾವಿಗೆ ಹೋಗಿ ಬಳಿ ಅಂಗಡಿ ಇಟ್ಟಾನ. ಅಂಥಾವಗ ನಮ್ಮ ಹುಡುಗರ ಮ್ಯಾಲ ಏನ ಇಷ್ಟ ಪ್ರೀತಿ ಉಕ್ಕೇತ್ರೀ ಅಕ್ಕಾ? ನಮ್ಮ ಮಂದೀನ ಅಂತ ನಾ ನಂಬಾಕಿ ಅಲ್ಲ, ನೀವೂ ಜರಾ ನೋಡ್ಕೋತ ಇರ್ರಿ" ಎಂದಳು. ಅದಾದ ವಾರಕ್ಕೆ ಶಿಗ್ಗಾವಿಯ ಮೋಟಾರು ನಿಲ್ಲುವಲ್ಲಿ ನನ್ನ ಕಣ್ಣಿಗೇ ಬಿತ್ತು. ಉಸ್ಮಾನಸಾಬರು ದಲಾಲ ಗೌಸಸಾಬನ ಜೊತೆ ನಿಂತು ನಗುತ್ತಿದ್ದರು. ಹುಡುಗರ ಈ ವ್ಯಾಪಾರ ಬೇರೂರಿದರೆ ಮೊದಲು ಸಂಕಟಪಡುವವನು ಅದೇ ಗೌಸಸಾಬ. ಮರುದಿನ ಆ ಮಾತು ತೆಗೆದರೆ, "ಮೂವತ್ತ ವರ್ಷದ ವೈರಿ ಅಂವಾ. ಇಷ್ಟ ಹಳೇ ವೈರೀನ ಕಂಡ್ರ ನಗೂನ ಬರತೇತಿ" ಎಂದು ತೇಲಿಸಿಬಿಟ್ಟರು. ನಿನ್ನ ವಿಳಾಸ ಕೇಳಿದರು, ಸೇಠನ ಅಂಗಡಿ ಯಾವ ಓಣಿಯಲ್ಲಿದೆ ಎಂದು ಕೇಳಿದರು. ಇನ್ನೊಂದು ವಿಷಯ, ನಮ್ಮ ತೋಟದ ಎಲೆಯನ್ನು ಅವರು ಒಮ್ಮೆಯೂ ಬಾಯಿಗೆ ಹಾಕಲಿಲ್ಲ. ಮೂಸುತ್ತಾರೆ, ಮಡಚುತ್ತಾರೆ, ಬೆಳಕಿಗೆ ಹಿಡಿಯುತ್ತಾರೆ, ಇಟ್ಟುಬಿಡುತ್ತಾರೆ. ಬಾಯಲ್ಲಿ ಹಲ್ಲಿಲ್ಲವಂತೆ. ಹಲ್ಲಿಲ್ಲದವರು ಕುಟ್ಟಿ ತಿನ್ನುವುದಿಲ್ಲವೇ?

ಎಲ್ಲಕ್ಕಿಂತ ಹೆಚ್ಚು ನನ್ನ ಮನಸ್ಸಿಗೆ ಚುಚ್ಚಿದ್ದು ಅವರು ಕಲಿಸಿದ ರೀತಿ. ಕೊಯ್ದ ಎಲೆಯನ್ನು ನೆರಳಿನಲ್ಲಿ ಚಾಪೆಯ ಮೇಲೆ ಹರಡಿ, ಮೈಮೇಲಿನ ಪಸೆಯೆಲ್ಲ ಆರಿದ ಮೇಲೆ ಕಟ್ಟಬೇಕು. ಬುಟ್ಟಿಯ ಒಳಗೆ ಸುತ್ತಲೂ ಒಣಹುಲ್ಲು. ಒಂದು ಹನಿ ನೀರೂ ತಾಗಬಾರದು. ಸವಣೂರಿನಲ್ಲಿ ಹುಟ್ಟಿದ ಯಾವ ಹೆಣ್ಣು ಇದನ್ನು ಒಪ್ಪುತ್ತಾಳೆ ಹೇಳು. ಅವ್ವ ಎಲೆಯನ್ನು ಹಸಿ ಅರಿವೆಯಲ್ಲಿ ಸುತ್ತಿಟ್ಟು, ಬೆಳಿಗ್ಗೆ ಒಮ್ಮೆ, ಸಂಜೆ ದೀಪ ಹಚ್ಚುವ ಮುಂಚೆ ಒಮ್ಮೆ ನೀರು ಚಿಮುಕಿಸಿ ಎಂಟು ದಿನ ಕಾಯುತ್ತಿದ್ದಳು. ಮಕ್ಕಳಿಗೆ ಹಾಲು ಮರೆತರೂ ಎಲೆಗೆ ನೀರು ಮರೆಯಲಿಲ್ಲ. ಮಾರ್ಚಿನ ಬಿಸಿಲು, ಕಾದ ಕಬ್ಬಿಣದ ರೈಲುಡಬ್ಬಿ, ಎರಡು ದಿನ, ಒಂದು ಹನಿ ನೀರಿಲ್ಲ. ಇದು ಕಲಿಸುವ ಮಾತೋ ಕೆಡಿಸುವ ಮಾತೋ ಎಂದು ಉಳಿವೆಪ್ಪನಿಗೆ ಹೇಳಿದೆ. ಅವನು ತಿರುಗಿ ಕೂಡ ನೋಡದೆ, "ಅಕ್ಕಾ, ನೀ ಕಾಗದಾ ಓದು. ಬುಟ್ಟಿ ನಮಗ ಬಿಡು" ಎಂದ.

ನಾಲ್ಕನೆಯ ತಾರೀಖಿನ ಸಂಜೆ ವಖಾರಿಯಿಂದ ಎಂಟು ಬುಟ್ಟಿ ತಂದು ನಮ್ಮ ಅಂಗಳದಲ್ಲಿ ಇಳಿಸಿದರು. ಒಂಬತ್ತನೆಯದನ್ನು ಉಸ್ಮಾನಸಾಬರು ವಖಾರಿಯಲ್ಲಿಯೇ ಇಟ್ಟುಕೊಂಡರು. ಅದು ಹಳೆಯ ವ್ಯಾಪಾರಿಗಳ ಪದ್ಧತಿಯಂತೆ, ಅದಕ್ಕೆ ಮನೆಬುಟ್ಟಿ ಎನ್ನುತ್ತಾರೆ. ಅದೇ ಎಲೆ, ಅದೇ ಹುಲ್ಲು, ಅದೇ ಕೈ. ಮುಂಬಯಿಯಲ್ಲಿ ಬುಟ್ಟಿ ಬಿಚ್ಚುವ ದಿನ ಇಲ್ಲಿ ಇದನ್ನು ಬಿಚ್ಚಿದರೆ ಅಲ್ಲಿಯ ಎಲೆ ಹೇಗಿರಬೇಕು ಎಂಬುದು ತಿಳಿಯುತ್ತದೆ. ಚಕ್ಕಡಿ ಹೂಡುವ ಮುಂಚೆ ಹುಡುಗರು ಒಳಗೆ ರೊಟ್ಟಿ ತಿಂದರು. ನಾನು ಬಡಿಸಿಟ್ಟು, ದನ ಬಾಯಿ ಹಾಕಬಾರದೆಂದು ಬುಟ್ಟಿಗಳ ಹತ್ತಿರ ಬಂದು ಕುಳಿತೆ. ಮರುದಿನ ಸೂರ್ಯ ಏರುವ ಮುಂಚೆ, ಹುಡುಗರಿನ್ನೂ ಯಲವಿಗಿಯಿಂದ ತಿರುಗಿ ಬಂದಿರಲಿಲ್ಲ, ಉಸ್ಮಾನಸಾಬರು ಬಂದು ಖಾಲಿ ಅಂಗಳವನ್ನು ನೋಡುತ್ತ ನಿಂತರು. "ಅಂಗಳಾ ಸಾರಿಸಿಬಿಡು, ತಂಗಿ" ಎಂದಷ್ಟೇ ಹೇಳಿ ಹೋದರು. ನಮ್ಮ ಅಂಗಳದ ಚಿಂತೆ ಅವರಿಗೇಕೆ?

ಏಳನೆಯ ತಾರೀಖು ಮನೆಬುಟ್ಟಿ ಬಿಚ್ಚಿದಾಗ ಎಲೆ ಆಗ ತಾನೇ ಬಳ್ಳಿಯಿಂದ ಬಿಡಿಸಿದಂತೆ ಹಸಿರಾಗಿತ್ತು. ಹಯಾತ ಕುಣಿದ. ಉಳಿವೆಪ್ಪ ಪೇಟೆಯ ಮಂದಿಗೆಲ್ಲ ಎರಡೆರಡು ಎಲೆ ಹಂಚಿ, ಗೌಸಸಾಬನ ಅಂಗಡಿಗೂ ನಾಲ್ಕು ಎಲೆ ಕಳಿಸಿದ. ನಗದಿದ್ದವರು ಉಸ್ಮಾನಸಾಬರೊಬ್ಬರೇ. ನಿನ್ನ ಕಾರ್ಡು ಓದಿದ ಮೇಲೆ ಅದೂ ಅರ್ಥವಾಯಿತು ಎಂದು ಉಳಿವೆಪ್ಪ ನೇರವಾಗಿ ವಖಾರಿಗೆ ಹೋದ. ನಾನೂ ಜನ್ನತಬಿಯೂ ಹಿಂದೆಯೇ ಓಡಿ ಬಾಗಿಲಲ್ಲಿ ನಿಂತೆವು. ಪೇಟೆಯೇ ಅಲ್ಲಿ ನೆರೆದಿತ್ತು. "ಮನೀಬುಟ್ಟಿ ಹಸರ, ಹೋದ ಬುಟ್ಟಿ ಕರೀ. ಒಂದ ಕೈಲೇ ಎರಡ ನಮೂನಿ ಹ್ಯಾಂಗ ಕಟ್ಟಿಸಿದ್ರಿ? ಗೌಸಸಾಬ ಏನ ಕೊಡತೇನಂದಾನ ನಿಮಗ?" ಎಂದು ಕೀಲಿಯನ್ನು ಅವರ ಕಾಲ ಮುಂದೆ ಎಸೆದ. ಮುದುಕ ಟೊಪ್ಪಿಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು, ಮತ್ತೆ ಹಾಕಿಕೊಂಡರು. "ಬಿಚ್ಚಿದಾಗ ಹುಲ್ಲ ಹಸೀ ಇತ್ತೋ, ಒಣಾ ಇತ್ತೋ? ಅದನ್ನಷ್ಟ ಕೇಳಿ ಬರಸ್ರಿ" ಎಂದರು. ಕೇಳಿದ್ದು ಉಳಿವೆಪ್ಪನನ್ನು, ನೋಡಿದ್ದು ಬಾಗಿಲ ಕಡೆಗೆ.

ಇಲ್ಲಿಗೆ ಬಂದು ನಿಂತಿದೆ. ಯುಗಾದಿಯಿಂದ ಮತ್ತೆ ಗೌಸಸಾಬನಿಗೇ ಎಲೆ ಹಾಕುವುದೆಂದು ಉಳಿವೆಪ್ಪ ಹೇಳುತ್ತಿದ್ದಾನೆ. ಹಯಾತ ಇಂದು ಉಳಿದ ಬುಟ್ಟಿಗಳ ಮೇಲಿನ ಚುಕ್ಕೆಗಳನ್ನು ಹಸಿ ಅರಿವೆಯಿಂದ ಒರೆಸುತ್ತಿದ್ದ. ಒಂದು ಚುಕ್ಕೆ ಹೋಗುತ್ತದೆ, ಒಂದು ಹೋಗುವುದಿಲ್ಲ ಎಂದು ನಗಲು ನೋಡಿದ. ಉಸ್ಮಾನಸಾಬರು ನಮಾಜಿಗೂ ಹಿಂದಿನ ಓಣಿಯಿಂದ ಹೋಗುತ್ತಾರಂತೆ. ಅವರಿಗೇನು ಲಾಭವಿತ್ತು ಎಂಬುದನ್ನು ನೀನೇ ತೂಗಿ ನೋಡು, ತಮ್ಮಾ. ನೋಡಿದ್ದಷ್ಟನ್ನು ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಚಿಗವ್ವ, ಜನ್ನತಬಿ, ಹಯಾತ ನಿನ್ನನ್ನು ಕೇಳಿದ್ದಾರೆ. ಅಪ್ಪ ಅವ್ವನ ಪುಣ್ಯ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಮಹಾದೇವಕ್ಕ

ತಾ.ಕ. ಮೇಲಿನದೆಲ್ಲವನ್ನೂ ಇಬ್ಬರಿಗೂ ಗಟ್ಟಿಯಾಗಿ ಓದಿ ಹೇಳಿದೆ. "ಛಲೋ ಬರದಿ, ಅಕ್ಕಾ" ಎಂದು ಉಳಿವೆಪ್ಪ ಎತ್ತಿಗೆ ನೀರು ಕುಡಿಸಲು ಹೋಗಿದ್ದಾನೆ, ಅವನು ಬರುವುದರೊಳಗೆ ಇಷ್ಟು ಬರೆಯಬೇಕು. ಚನ್ನವೀರಾ, ನೀರು ಹಾಕಿದವಳು ನಾನು. ಅವರು ರೊಟ್ಟಿ ತಿನ್ನುತ್ತಿದ್ದಾಗ ತಂಬಿಗೆ ತಂದು ಎಂಟೂ ಬುಟ್ಟಿಗಳ ಹೆಣಿಗೆಯ ಸಂದಿನಲ್ಲಿ ಎಲೆ ತಣಿಯುವಷ್ಟು ಚಿಮುಕಿಸಿದೆ. ಮುದುಕನಿಂದ ಎಲೆ ಉಳಿಸಿದೆ ಎಂದುಕೊಂಡೆ. ಮನೆಬುಟ್ಟಿ ನನ್ನ ಕೈಗೆ ಸಿಗಲಿಲ್ಲ, ಅದಕ್ಕೇ ಉಳಿಯಿತು. ಮರುದಿನ ಅಂಗಳದ ಸಗಣಿ ನೆಲದ ಮೇಲೆ ಎಂಟು ದುಂಡನೆಯ ಹಸಿ ಗುರುತು ಇದ್ದವು. ಉಸ್ಮಾನಸಾಬರು ನೋಡುತ್ತ ನಿಂತದ್ದು ಅವನ್ನೇ. ಉಳಿವೆಪ್ಪ ಬರುವ ಮುಂಚೆ ಸಾರಿಸು ಎಂದರು, ನಾನು ಸಾರಿಸಿಯೂ ಬಿಟ್ಟೆ. ಪೇಟೆಯ ನಡುವೆ ಅಷ್ಟು ಮಾತು ಕೇಳಿದರೂ ನನ್ನ ಹೆಸರು ತೆಗೆಯಲಿಲ್ಲ. ಮೂರು ದಿನದಿಂದ ಹೇಳಬೇಕೆಂದು ಬಾಯಿ ತೆರೆಯುತ್ತೇನೆ, ಬೇರೆ ಮಾತೇ ಹೊರಗೆ ಬರುತ್ತದೆ. ಬುಟ್ಟಿ ಬಿಚ್ಚಿದವನು ನೀನು, ಹುಲ್ಲು ಹೇಗಿತ್ತೆಂದು ನಿನಗೆ ಗೊತ್ತು. ಅಕ್ಕನೆಂದು ಕನಿಕರಪಡದೆ ಮುಂದಿನ ಟಪಾಲಿಗೇ ಒಂದು ಕಾರ್ಡು ಬರಿ: ಹುಲ್ಲು ಹಸಿಯಾಗಿತ್ತು, ನೀರು ಹಾಕಿದವಳು ಅಕ್ಕ. ಯುಗಾದಿಯ ಮುಂಚೆ ಮುಟ್ಟಬೇಕು. ಅದು ಬಂದ ದಿನ ಉಸ್ಮಾನಸಾಬರ ಮನೆಗೆ ನಾನೇ ಹೋಗಿ, ಅವರನ್ನು ಕರೆತಂದು, ಹುಡುಗರ ನಡುವೆ ಕಟ್ಟೆಯ ಮೇಲೆ ಕೂಡ್ರಿಸುತ್ತೇನೆ. ಈ ಮನೆಗೆ ಬಂದ ಕಾಗದ ಓದುವವಳು ನಾನೇ. ಓದುತ್ತೇನೆ.